ಮುರ್ಗಾಬಿನ ಪಾಲಿನ ಗಾಳಿಯ ಕುರಿತು ವಾಯುಮಂಡಲದವರಿಗೆ

ಭೂಲೋಕದ ಸಕಲ ಶ್ವಾಸಕೋಶಗಳ ಪೋಷಕರೂ ಮಹಾದಾನಿಗಳೂ ಆದ ಮಾನ್ಯ ವಾಯುಮಂಡಲದವರೇ,

ಪಾಮೀರ್ ಬೆಟ್ಟಗಳ ಮುರ್ಗಾಬಿನ ಹವಾಮಾನ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಮ್ಮ ಭಾರವನ್ನು ಅಳೆಯುತ್ತಾ ಬಂದಿರುವ ಸಾಯ್ರಾಗುಲ್ ಎಂಬ ನನ್ನ ಸವಿನಯ ನಮಸ್ಕಾರಗಳು. ಇಷ್ಟು ಕಾಲ ತೂಗಿದವಳಿಗೆ ಎರಡು ಮಾತಾಡುವ ಸಲುಗೆಯಾದರೂ ಇದ್ದೀತೆಂದು ಈ ಪತ್ರ.

ಮೊದಲಿಗೆ ತಮ್ಮ ನ್ಯಾಯಬುದ್ಧಿಯನ್ನು ಕೊಂಡಾಡಬೇಕು. ನೂರರಲ್ಲಿ ಎಪ್ಪತ್ತೆಂಟು ಪಾಲು ಸಾರಜನಕ, ಇಪ್ಪತ್ತೊಂದು ಪಾಲು ಆಮ್ಲಜನಕ, ಉಳಿದ ಒಂದರಲ್ಲಿ ಆರ್ಗಾನ್, ಇಂಗಾಲದ ಡೈಆಕ್ಸೈಡ್ ಮುಂತಾದ ಬಂಧುಬಳಗ. ಕೆಳಗಿನ ಓಶ್ ಪಟ್ಟಣಕ್ಕೂ ಇದೇ ಪಾಲು, ನಮಗೂ ಇದೇ ಪಾಲು, ಪಕ್ಷಪಾತದ ಸೊಲ್ಲೇ ಇಲ್ಲ. ಒಟ್ಟು ಗಾಳಿಯನ್ನೇ ಕಡಿಮೆ ಕೊಟ್ಟಿದ್ದೀರಿ, ಅಷ್ಟೆ! ಹಾಲು, ಉಪ್ಪು, ಚಹಾ ಎಲ್ಲ ಹದವಾಗಿ ಬೆರೆಸಿ, ಅರ್ಧ ಬಟ್ಟಲು ಸುರಿದು, “ರುಚಿ ಸರಿಯಾಗಿದೆ ತಾನೆ?” ಎನ್ನುತ್ತಿದ್ದ ನನ್ನ ಅತ್ತೆಯನ್ನು ತಮ್ಮ ದೆಸೆಯಿಂದ ಕ್ಷಮಿಸಿದ್ದೇನೆ.

ಮಹಡಿ ಮಹಡಿಯಾಗಿರುವ ತಮ್ಮ ಕಚೇರಿಯ ದಕ್ಷತೆಯಂತೂ ಹೇಳತೀರದು. ಕೆಳಗಿನದರಲ್ಲಿ ಮೋಡ, ಹಿಮ, ಬಿರುಗಾಳಿ. ಅದರ ಮೇಲೆ ಸೂರ್ಯನ ಸುಡುಕಿರಣ ತಡೆಯುವ ಓಝೋನ್. ಇನ್ನೂ ಮೇಲೆ ಉಲ್ಕೆಗಳನ್ನು ಉರಿಸಿ ಬೂದಿ ಮಾಡುವವರು. ಅದಕ್ಕೂ ಮೇಲೆ ಧ್ರುವದವರ ಮನರಂಜನೆಗೆ ಬಣ್ಣದ ಬೆಳಕು. ಆಕಾಶದಿಂದ ಕಲ್ಲು ಬೀಳದಂತೆ ನನ್ನ ಮೊಮ್ಮಗಳನ್ನು ಕಾಪಾಡಿದ್ದೀರಿ, ಧನ್ಯವಾದ. ಅವಳಿಗೆ ಬೇಕಾಗಿದ್ದದ್ದು ಉಸಿರು.

ಬೇಗಿಮಾಯ್‌ಗೆ ಐದು ತಿಂಗಳು. ಹಾಲು ಕುಡಿಯುವಾಗ ತುಟಿ ನೀಲಿಗಟ್ಟುತ್ತಿತ್ತು. ಡಾಕ್ಟರು ನೋಡಿ, “ಅಕ್ಕಾ, ಇದಕ್ಕೆ ಔಷಧಿ ಇರೋದು ಓಶ್‌ನ ಗಾಳೀಲಿ. ಕೆಳಗೆ ಕರ್ಕೊಂಡು ಹೋಗಿ” ಎಂದರು. ನನ್ನ ತಮ್ಮ ಚೊರೊ ಲಾರಿ ಓಡಿಸುವವನು. ಮಗು ಯಾಕೆ ಹೋಗಬೇಕು, ಗಾಳಿಯನ್ನೇ ತಂದರಾಯಿತಲ್ಲ ಎಂದು, ಓಶ್‌ನಲ್ಲಿ ಲಾರಿಯ ಟ್ಯೂಬೊಂದಕ್ಕೆ ಬಿಗಿಯಾಗಿ ಗಾಳಿ ತುಂಬಿಸಿ, ರಜಾಯಿ ಹೊದಿಸಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಘಾಟಿ ಹತ್ತುವಾಗ ತಾವು ತೆಳುವಾದಷ್ಟೂ ಟೈರು ಉಬ್ಬುತ್ತದೆಂದು ಇಲ್ಲಿನ ಚಾಲಕರೆಲ್ಲ ಗಾಳಿ ಇಳಿಸುತ್ತಾರೆ. ಅವನೂ ಎಲ್ಲ ಟೈರುಗಳಿಂದ ಇಳಿಸಿದ, ಅದೊಂದನ್ನು ಬಿಟ್ಟು. ಅಕ್ ಬೈತಾಲ್ ಕಣಿವೆದಾರಿಯ ನೆತ್ತಿಯಲ್ಲಿ ಟ್ಯೂಬು ಢಂ ಎಂದಿತು.

“ಮಗೂನ ಗಾಳಿ ಕಣೇ ಅಕ್ಕಾ, ಒಂದು ಗುಟುಕು ಬಿಡೋಕೂ ಮನಸ್ಸು ಬರ್ಲಿಲ್ಲ” ಎಂದು ಹರಿದ ರಬ್ಬರು ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಯ್ಯೋ ಮಂಕೇ, ಕಿವಿ ನೆಟ್ಟಗಿದೆಯೇನೋ?” ಎಂದು ನಕ್ಕೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಆದಕಾರಣ ಸಮುದ್ರತೀರಗಳಲ್ಲಿ ಕೆಲಸವಿಲ್ಲದೆ ಬಿದ್ದುಕೊಂಡಿರುವ ಗಾಳಿಯಲ್ಲಿ ಒಂದಿಷ್ಟನ್ನು ಮುರ್ಗಾಬಿಗೆ ವರ್ಗ ಮಾಡಿಸಬೇಕೆಂದೂ, ಆಗದಿದ್ದರೆ ಪಾಮೀರನ್ನು ಎರಡೂವರೆ ಸಾವಿರ ಮೀಟರ್ ತಗ್ಗಿಸುವಂತೆ ಭೂಮಿಯವರಿಗೆ ಶಿಫಾರಸು ಮಾಡಬೇಕೆಂದೂ ಪ್ರಾರ್ಥನೆ. ಅವಸರವೇನಿಲ್ಲ, ಹೋದ ವಾರ ಸೊಸೆ ಮಗುವನ್ನು ಕರೆದುಕೊಂಡು ಅದೇ ಲಾರಿಯಲ್ಲಿ ಇಳಿದು ಹೋದಳು. “ಅತ್ತೆಮ್ಮಾ, ತುಟಿ ಕೆಂಪಾಗಿದೆ! ಕಿರುಚಿ ಕಿರುಚಿ ಬೀದಿಯವರನ್ನೆಲ್ಲ ಎಬ್ಬಿಸ್ತಿದಾಳೆ” ಎಂದು ಓಶ್‌ನಿಂದ ಫೋನು ಬಂತು. ಇನ್ನು ಮೇಲಕ್ಕೆ ತರಲೇಬಾರದಂತೆ.

ತಮ್ಮನ್ನು ಅಳೆಯಲು ಇಲ್ಲೇ ಉಳಿದಿರುವ,
ತಮ್ಮ ವಿಶ್ವಾಸಿ
ಸಾಯ್ರಾಗುಲ್

ತಾ.ಕ.: ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, ಆ ದಿನದ ವರದಿಯಲ್ಲಿ ‘ಗಾಳಿ ಶಾಂತ, ವಿಶೇಷವೇನೂ ಇಲ್ಲ’ ಎಂದು ಬರೆದೆ. ನನ್ನ ಕೈಯಿಂದ ಹೋದ ಮೊದಲ ಸುಳ್ಳು ವರದಿ ಅದು. ತಮ್ಮ ಮಾನ ಉಳಿಯಲೆಂದು ಬರೆದೆ.