ಕೆಂಪು ಚುಕ್ಕೆಗಳ ಪಂಡಿತ

ಇಪ್ಪತ್ತು ನಿಮಿಷದ ಆ ಭಾಷಣಕ್ಕೆ ಪಂಡಿತನಿಗೆ ತಗುಲಿದ ಖರ್ಚು ಇಷ್ಟು: ನಾಲ್ಕು ಭಾನುವಾರ, ಮೂವತ್ತೊಂದು ಸ್ಲೈಡು, ಒಂದು ಹೊಸ ಅಂಗಿ ಮತ್ತು ಹೆಂಡತಿಯೊಂದಿಗೆ ಒಂದೂವರೆ ಜಗಳ. ಉಳಿದರ್ಧವನ್ನು ಸಮ್ಮೇಳನ ಮುಗಿಯುವವರೆಗೆ ಮುಂದೂಡಲಾಗಿತ್ತು.

ಪಂಡಿತ ಎಂಬುದು ಆಫೀಸಿನವರು ಇಟ್ಟ ಹೆಸರು. ಕಂಪ್ಯೂಟರ್ ಚಿಪ್ಪಿನ ನಕ್ಷೆ ಬರೆಯಲು ಅವರು ಕೊಂಡು ತಂದಿದ್ದ ಸಾಫ್ಟ್‌ವೇರಿಗೆ ಒಂದು ಚಾಳಿಯಿತ್ತು. ಸರಿಯಾದ ತಂತಿಗಳ ಮೇಲೂ ತಪ್ಪೆಂದು ಸಾವಿರಗಟ್ಟಲೆ ಕೆಂಪು ಚುಕ್ಕೆ ಇಡುತ್ತಿತ್ತು. ಸುಳ್ಳು ಚುಕ್ಕೆ ಅಳಿಸಿ ನಿಜವಾದ ತಪ್ಪನ್ನಷ್ಟೇ ಉಳಿಸುವ ಪ್ರೋಗ್ರಾಮೊಂದನ್ನು ಇವನು ಬರೆದ. ಅಂದಿನಿಂದ ಆರು ವರ್ಷ ಕಾಳಿನಲ್ಲಿ ಕಲ್ಲು ಆರಿಸುವವನ ಹಾಗೆ ಅದೇ ಕೆಲಸ.

ಈಗ ಹೊಸ ಚಿಪ್ಪಿನ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು.

“ಈ ಸಾಫ್ಟ್‌ವೇರ್ ಬಳಕೆದಾರರ ಸಮ್ಮೇಳನದಲ್ಲಿ ನಮ್ಮ ಮಾನ ಉಳಿಸು. ಆ ಜಾಗ ನಿಂದೇ ಅಂದ್ಕೋ,” ಎಂದಿದ್ದರು ಬಾಸು.

ಊಟವಾದ ಮೇಲಿನ ಸರದಿ ಇವನದು. ಲ್ಯಾಪ್‌ಟಾಪು, ಪ್ರೊಜೆಕ್ಟರು ಮುನಿಸಿಕೊಂಡ ಬೀಗರ ಹಾಗೆ ಒಂದರ ಮುಖ ಒಂದು ನೋಡಲಿಲ್ಲ. ಸಭಿಕರಲ್ಲಿ ಆರು ಜನ ವೇದಿಕೆ ಹತ್ತಿ ಆರು ಸಲಹೆ ಕೊಟ್ಟರು. ಏಳನೆಯವನು ವೈರು ತಿರುಗಿಸಿ ಚುಚ್ಚಿದ.

“ಹಿಂದಿನ ಸಾಲು ನೋಡ್ಕೊಂಡು ಮಾತಾಡೋ, ಭಯ ಆಗಲ್ಲ,” ಎಂದಳು ಆಫೀಸಿನಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ. ಹಿಂದಿನ ಸಾಲು ನಿದ್ದೆಯಲ್ಲಿತ್ತು. ನಿಜವಾಗಿಯೂ ಭಯವಾಗಲಿಲ್ಲ.

ಹದಿನೇಳನೆಯ ಸ್ಲೈಡಿಗೆ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಸಾಫ್ಟ್‌ವೇರ್ ತಯಾರಿಸುವ ಕಂಪನಿಯ ಹುಡುಗಿ.

“ಸರ್, ಹೊಸ ಆವೃತ್ತಿಯಲ್ಲಿ ಇದಕ್ಕೆ ಒಂದು ಟಿಕ್ ಬಟನ್ ಕೊಟ್ಟಿದ್ದೀವಲ್ಲ? ಅದನ್ನ ಒತ್ತಿದ್ರೆ ಸುಳ್ಳು ಚುಕ್ಕೆ ಎಲ್ಲಾ ಹೋಗುತ್ತೆ.”

ಸಭೆ ಗೊಳ್ಳೆಂದಿತು. ಹಿಂದಿನ ಸಾಲೂ ಎದ್ದಿತು. ಹೆತ್ತ ಮಗುವನ್ನು ಯಾರೋ ದಂಡಪಿಂಡ ಎಂದಂತೆ ಉರಿಯಿತು ಪಂಡಿತನಿಗೆ.

“ಒತ್ತೇ ನೋಡೋಣ ತಾಳಮ್ಮ!”

ಒತ್ತಿದ. ಪರದೆಯ ಮೇಲೆ ಒಂದು ಚುಕ್ಕೆಯೂ ಉಳಿಯಲಿಲ್ಲ. ಚಪ್ಪಾಳೆ ಹುಡುಗಿಯ ಪಾಲಿಗೆ ಹೋಗುವುದರಲ್ಲಿತ್ತು. ಪಂಡಿತ ನಕ್ಷೆಯನ್ನು ಹಿಗ್ಗಿಸಿ, ಮೂಲೆಯೊಂದಕ್ಕೆ ಬೆರಳು ಚುಚ್ಚಿದ.

“ಈ ಎರಡು ತಂತಿ ಒಂದಕ್ಕೊಂದು ತಗುಲಿಕೊಂಡಿವೆ. ಇದು ನಿಜವಾದ ತಪ್ಪು. ನಿಮ್ಮ ಟಿಕ್ಕು ಸುಳ್ಳಿನ ಜೊತೆ ನಿಜಾನೂ ಗುಡಿಸಿ ಹಾಕಿದೆ. ಈ ಚಿಪ್ಪು ಮಾಡಿದ್ರೆ ಸೀದಾ ಕಸದ ಬುಟ್ಟಿಗೆ!”

ತನ್ನ ಪ್ರೋಗ್ರಾಮು ಓಡಿಸಿದ. ಸರಿಯಾಗಿ ಆ ಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಮೂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಾಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕೆಳಗಿಳಿದಾಗ ಹುಡುಗಿ ಬಂದು ಕೈ ಕುಲುಕಿದಳು. “ಸರ್, ಆ ಟಿಕ್ಕನ್ನ ಮುಂದಿನ ತಿಂಗಳು ರಿಪೇರಿ ಮಾಡೋರಿದ್ವಿ. ನಿಮ್ಮದು ನೋಡಿದ ಮೇಲೆ ನಮ್ಮ ಮ್ಯಾನೇಜರ್ ಬೇಡ ಅಂದ್ರು. ಇನ್ಮೇಲೆ ನಮ್ಮ ನೂರಾ ಎಪ್ಪತ್ತು ಗಿರಾಕಿ ಕಂಪನಿಗಳಿಗೂ ನಿಮ್ಮ ಪ್ರೋಗ್ರಾಮೇ. ತೊಂದರೆ ಆದ್ರೆ ನಿಮಗೇ ಫೋನ್ ಮಾಡೋಕೆ ಹೇಳ್ತೀವಿ.”

ಪಂಡಿತ ಬಾಯಿ ತೆರೆದ. ಅಷ್ಟರಲ್ಲಿ ಬಾಸಿನ ಕೈ ಹೆಗಲ ಮೇಲೆ ಬಿತ್ತು.

“ಭೇಷ್! ನೀನಿಲ್ದೆ ಈ ಕೆಲಸ ಒಂದು ದಿನ ನಡೆಯಲ್ಲ ಅಂತ ಊರಿಗೆಲ್ಲ ತೋರಿಸಿಬಿಟ್ಟೆ ಕಣಯ್ಯ.”

“ಸರ್, ಆ ಹೊಸ ತಂಡದ್ದು…”

“ನಿನ್ನನ್ನ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ಪಕ್ಕದ ಮೇಜಿನವಳನ್ನ ಕಳಿಸ್ತಿದೀನಿ. ಅವಳು ಹೋದ್ರೆ ಇಲ್ಲೇನೂ ನಿಲ್ಲಲ್ಲ.”

ಆ ದಿನ ಪಂಡಿತನಿಗೆ ಸಿಕ್ಕಿದ್ದು ಉತ್ತಮ ಭಾಷಣದ ಗಾಜಿನ ಫಲಕ ಮತ್ತು ನೂರಾ ಎಪ್ಪತ್ತು ಕಂಪನಿಗಳ ಕೆಂಪು ಚುಕ್ಕೆ. ಹೋದದ್ದು ಹೊಸ ಚಿಪ್ಪು.