ಉಸುಕಿನ ಡಬ್ಬಿಯ ಬಾರದಾನ

ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಾನು ತಿರುಗಿ ಬಂದು, ಬೀಗವನ್ನು ಎಳೆದು ನೋಡಿ, ಹೋಗುತ್ತ ಹೋಗುತ್ತ ಎಳೆದದ್ದರಿಂದಲೇ ಅದು ಸಡಿಲಾಗಿರಬಹುದೇ ಎಂದು ಇನ್ನೊಮ್ಮೆ ಬರುವವನು. ಇದನ್ನು ಜಾಗರೂಕತೆ ಎಂದು ನಾನು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಗಿರಿಜಾ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟೆಲ್ಲ ಕಾಳಜಿ ಮಾಡುವವನು ಏನನ್ನೂ ಮರೆಯಲಾರ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕಾಳಜಿಗೂ ನೆನಪಿಗೂ ಯಾವ ಬೀಗತನವೂ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ಹೊರಗಿನ ಒಂದು ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿದ್ದೆ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಎಳೆಯುವ ಪುಟ್ಟ ಪುಟ್ಟ ಡೀಸೆಲ್ ಇಂಜಿನ್ ಮಾಡಿಕೊಂಡು ಸುಖವಾಗಿದ್ದ ನಮಗೆ ಒಮ್ಮೆ ನ್ಯಾರೋಗೇಜ್ ರೈಲಿನವರಿಂದ ದೊಡ್ಡ ಇಂಜಿನ್ನಿನ ಆರ್ಡರ್ ಬಂತು. ಹಳೆಯ ಉಗಿ ಇಂಜಿನ್ ಎರಡು ಸೇರಿ ಏದುಸಿರು ಬಿಡುತ್ತ ಎಳೆಯುವ ಗಾಡಿಯನ್ನು ಇದು ಒಂದೇ ಎಳೆಯಬೇಕು. ಇಂಜಿನ್ನಿಗೆ ಕುದುರೆಬಲ ಹೆಚ್ಚಿಸಿದರೆ ಆಯಿತಲ್ಲ ಎಂದು ಜನ ಅನ್ನುತ್ತಾರೆ. ಬಲದ ಜೊತೆಗೆ ತೂಕವೂ ಬೇಕು. ಹಗುರಾದರೆ ಗಾಲಿಗಳು ಹಳಿ ಹಿಡಿಯದೆ ನಿಂತಲ್ಲೇ ಗರಗರ ತಿರುಗುತ್ತವೆ. ಭಾರವಾದರೆ ಎರಡೂವರೆ ಅಡಿ ಅಗಲದ ಆ ಬಡಕಲು ದಾರಿಯ ಹಳಿ ಬಾಗುತ್ತದೆ, ಸೇತುವೆ ತಡೆಯುವುದಿಲ್ಲ. ಪೈಲವಾನನನ್ನು ಹೊರಸಿನ ಮೇಲೆ ಕುಸ್ತಿಗೆ ಇಳಿಸಿದ ಹಾಗೆ. ನಮ್ಮ ಡ್ರಾಯಿಂಗ್ ಆಫೀಸಿನ ಮುಖ್ಯಸ್ಥರು ಜೋಶಿ ಸಾಹೇಬರು. ಅವರು ಮೊದಲ ದಿನವೇ ನನ್ನನ್ನು ಕರೆದು, "ಎಲ್ಲಾ ತುಂಬಿಕೊಂಡು ಮೂವತ್ತೊಂದು ಟನ್ನು, ಶೇಟಜಿ. ಅದರ ಮ್ಯಾಲ ಒಂದು ಕಿಲೋನೂ ನಡಿಯಂಗಿಲ್ಲ. ವಜನದ ತಖ್ತೆ ನಿಮ್ಮ ಕಡೆ" ಎಂದರು.

ಶೇಟಜಿ ಎನ್ನುವುದು ನನ್ನ ಸಿರಿತನಕ್ಕೆ ಸಂದ ಗೌರವವಲ್ಲ. ನಮ್ಮದು ಕಾಳಿನ ಅಡತಿ ಅಂಗಡಿಯ ಮನೆತನ. ನಮ್ಮಪ್ಪ ತಕ್ಕಡಿಯ ಮುಂದೆ ಕೂತೇ ತಲೆ ಬಿಳಿ ಮಾಡಿಕೊಂಡವರು. ಅವರ ಅಂಗಡಿಯಲ್ಲಿ ಒಂದು ಶಿಸ್ತಿತ್ತು: ಜೋಳ ಬರುವ ಮೊದಲೇ ಖಾಲಿ ಚೀಲ ತೂಗಿ ಅದರ ತೂಕ ಬರೆದಿಡಬೇಕು. ಅದಕ್ಕೆ ಬಾರದಾನ ಎನ್ನುತ್ತಾರೆ. ಮಾಲಿನ ತೂಕ ಬರೆಯುವುದು ಮಾಲು ಬಂದ ಮೇಲೆ. "ಕಾಣದ ಮಾಲು ಬರದಾಂವ ಕಾಣದಂಗ ಮುಳುಗತಾನ" ಎಂದು ಅಪ್ಪ ಹೇಳುತ್ತಿದ್ದರು. ಅವರ ಅಂಗಡಿ ಬಿಟ್ಟು ಇಂಜಿನ್ನಿನ ಹಿಂದೆ ಬಂದರೂ ತಕ್ಕಡಿ ನನ್ನನ್ನು ಬಿಡಲಿಲ್ಲ. ಎರಡು ವರ್ಷ ಸ್ಲೈಡ್ ರೂಲ್ ಹಿಡಿದು ನಟ್ಟು, ಬೋಲ್ಟು, ಗಾಲಿ, ಚಾಸಿ, ಡೀಸೆಲ್ಲು, ನೀರು, ಡ್ರೈವರನ ಸ್ಟೂಲು ಎಲ್ಲದರ ತೂಕವನ್ನು ತಖ್ತೆಯ ಪಟ್ಟಿಯಲ್ಲಿ ಬರೆದು ಕೂಡಿಸಿದೆ. ಕೊನೆಗೆ ಮದುವೆಮನೆಗೆ ಹೋದರೂ ಬೀಗರು ಕಾಣುತ್ತಿರಲಿಲ್ಲ, ಕಿಲೋ ಕಾಣುತ್ತಿದ್ದವು. ನನ್ನ ಭಾವಮೈದುನ ನನ್ನ ಅಂದಾಜಿನಲ್ಲಿ ತೊಂಬತ್ತೆರಡು, ಊಟಕ್ಕೆ ಮೊದಲು. ತಖ್ತೆಯ ಮೊತ್ತ ಮೂವತ್ತೊಂದು ಟನ್ನಿಗೆ ಕೂದಲೆಳೆಯಷ್ಟು ಕಡಿಮೆ ಬಂತು. ಇಂಜಿನ್ ತಯಾರಾಯಿತು. ಸೋಮವಾರ ಮುಂಜಾನೆ ತೂಗುವುದೆಂದೂ, ರೈಲಿನ ಇನ್‌ಸ್ಪೆಕ್ಟರ್ ಬರುವರೆಂದೂ, ತೂಕ ಹೆಚ್ಚಾದರೆ ತೆಗೆದುಕೊಳ್ಳುವುದಿಲ್ಲವೆಂದೂ ಗೊತ್ತಾಯಿತು.

ಅದಕ್ಕೆ ಮೊದಲಿನ ಗುರುವಾರ ಗಿರಿಜಾಳ ತವರಾದ ಅಕ್ಕಲಕೋಟಕ್ಕೆ ಹೊರಟೆವು. ಅಲ್ಲಿನ ಸ್ವಾಮಿಗಳ ಮಠದಲ್ಲಿ ಒಂದು ಕಾಯಿ ಒಡೆಸಿದರೆ ಇಂಜಿನ್ನಿಗೂ ಒಳ್ಳೆಯದು, ಅವಳ ತಾಯಿಯನ್ನು ಕಂಡಂತೆಯೂ ಆಯಿತು. ಅಕ್ಕಲಕೋಟ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದವನಿಗೆ ರೋಡು ಸಿಗುತ್ತದೆ, ಅಕ್ಕಲಕೋಟ ಸಿಗುವುದಿಲ್ಲ. ಅದು ಇನ್ನೂ ಮೈಲುಗಟ್ಟಲೆ ದೂರ. ಟಾಂಗಾ ಮಾಡಿದೆವು. ಹಿಂದಿನ ದಿನ ಮಳೆ ಬಿದ್ದು ಏರು ಜಾರುತ್ತಿತ್ತು. ನಡುವೆ ಕುದುರೆ ನಿಂತುಬಿಟ್ಟಿತು. ಟಾಂಗಾದ ಮುದುಕ ಇಳಿದು ಸೀಟಿನ ಕೆಳಗಿಂದ ಒಂದು ಚೀಲ ಎಳೆದು ಕುದುರೆಯ ಕಾಲ ಮುಂದೆ ಉಸುಕು ಚೆಲ್ಲಿದ. ಕುದುರೆ ನಾಲ್ಕು ಹೆಜ್ಜೆಯಲ್ಲಿ ಏರು ಹತ್ತಿತು.

"ಯಾವಾಗ್ಲೂ ಉಸುಕು ಇಟ್ಟಿರತೀರೇನು?" ಎಂದು ನಾನು ಸುಮ್ಮನೆ ಕೇಳಿದೆ.

"ಇಡಬೇಕಲ್ರಿ ಸಾಹೇಬ್ರ. ಉಸುಕು ಇಲ್ದ ಕಾಲು ಹಿಡಿಯಂಗಿಲ್ಲ. ಆದ್ರ ಅದರ ಭಾರನೂ ಈ ಪ್ರಾಣೀನ ಎಳೀಬೇಕು ನೋಡ್ರಿ."

ಇಂಜಿನ್ನಿನಲ್ಲೂ ಉಸುಕಿನ ಡಬ್ಬಿಗಳಿರುತ್ತವೆ. ಹಳಿ ಒದ್ದೆಯಾದಾಗ ಗಾಲಿಯ ಮುಂದೆ ಉಸುಕು ಬೀಳಲೇಬೇಕು. ಎಂಟು ಡಬ್ಬಿಗಳ ತೂಕ ತಖ್ತೆಯಲ್ಲಿ ಬರೆದದ್ದು ಕಣ್ಣಿಗೆ ಕಟ್ಟಿದಂತಿತ್ತು. ಒಳಗಿನ ಉಸುಕಿನ ತೂಕ ಬರೆದ ನೆನಪಿರಲಿಲ್ಲ. ಬಾರದಾನ ಬರೆದಿದ್ದೆ, ಮಾಲು ಬಂದ ಮೇಲೆ ಬರೆದರಾಯಿತೆಂದು ಬಿಟ್ಟಿದ್ದೆ. ಡಬ್ಬಿಗೆ ಐವತ್ತರಂತೆ ನಾಲ್ಕುನೂರು ಕಿಲೋ.

ಮಠದಲ್ಲಿ ಕೈ ಮುಗಿದು ನಿಂತೆ. ಏನು ಬೇಡಬೇಕೋ ತಿಳಿಯಲಿಲ್ಲ. ಉಸುಕಿನ ಭಾರ ಇಳಿಸು ಸ್ವಾಮಿ ಎಂದು ಬೇಡಲು ನಾಚಿಕೆಯಾಯಿತು, ಆದರೂ ಬೇಡಿದೆ. ಅತ್ತೆ ಬಡಿಸಿದ ರೊಟ್ಟಿ, ಶೇಂಗಾ ಚಟ್ನಿ ತಟ್ಟೆಯಲ್ಲೇ ಉಳಿದವು.

"ಮಾರಿ ಯಾಕ ಹಿಂಗ ಮಾಡೀರಿ? ನಮ್ಮವ್ವಗ ಏನು ಅನಿಸಬೇಕು?" ಎಂದು ಗಿರಿಜಾ ಒಳಗೆ ಕರೆದು ಕೇಳಿದಳು.

"ಉಸುಕು ಮರ್ತೀನಿ."

"ಎಷ್ಟು?"

"ನಾಲ್ಕುನೂರು ಕಿಲೋ."

"ಅಷ್ಟು ಉಸುಕು ಯಾಕ ಬೇಕು? ಮನಿ ಕಟ್ಟಾಕತ್ತೀರೇನು?" ಎಂದವಳು, ನಾನು ವಿವರಿಸಿದ ಮೇಲೆ ದಾರಿಯನ್ನೂ ಹೇಳಿದಳು. "ನಾಳೆ ಹೋಗಿ ಸಾಹೇಬ್ರ ಮುಂದ ಹೇಳಿಬಿಡ್ರಿ. ಬೈದ್ರ ಬೈಲಿ. ಬೈಸಿಕೊಂಡ್ರ ಊಟರೆ ಮಾಡತೀರಿ."

ಶುಕ್ರವಾರ ಹೇಳಲೆಂದೇ ಸಾಹೇಬರ ಮೇಜಿನ ಮುಂದೆ ನಿಂತೆ. ಅವರು ಕನ್ನಡಕ ಒರೆಸುತ್ತ, "ಮೂವತ್ತು ವರ್ಷ ಕಬ್ಬಿನ ಗಾಡಿ ನಕ್ಷೆ ಬರದೆ, ಶೇಟಜಿ. ಇದೊಂದು ಖರೇ ಇಂಜಿನ್. ದೀಪಾವಳಿಗೆ ರಿಟಾಯರ್ ಆಗತೀನಿ. ಮೊಮ್ಮಗನ್ನ ಕರ್ಕೊಂಡು ಇದರ ಹಿಂದಿನ ಡಬ್ಬಿಯಾಗ ಕೂಡಬೇಕು ಅಂತ ಅದ" ಎಂದರು. ನಾನು ಚಹಾ ಆಯಿತೇ ಎಂದು ಕೇಳಿ ಹಿಂದೆ ಬಂದೆ. ಶನಿವಾರ ತಖ್ತೆ ತೆಗೆದು ನೋಡಿದೆ. ಉಸುಕು ಇರಲಿಲ್ಲ. ಭಾನುವಾರ ಇಡೀ ದಿನ ಯಾವ ಭಾಗ ಕಳಚಿದರೆ ನಾಲ್ಕುನೂರು ಕಿಲೋ ಇಳಿಯುತ್ತದೆಂದು ಯೋಚಿಸಿದೆ. ಬ್ರೇಕು ತೆಗೆಯುವುದೊಂದೇ ಉಳಿದಿತ್ತು. ಆ ಹಿರಿಯರ ಮುಖ ಇನ್‌ಸ್ಪೆಕ್ಟರ್ ಎದುರು ಬಾಡುವುದನ್ನು ನೆನೆದರೆ ನನಗೆ ನಿಜಕ್ಕೂ ಅಳು ಬರುತ್ತಿತ್ತು.

ಸೋಮವಾರ ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ಪೂಜೆ, ತೂಕ ಎರಡೂ ಮುಗಿಯಬೇಕೆಂದು ಫೋರಮನ್ ಮಾದಪ್ಪನ ಅವಸರ. ಅಂಗಳದಲ್ಲಿ ಗಾಡಿಗಳನ್ನೇ ತೂಗುವ ವಜನ ಕಾಟಾದ ಮೇಲೆ ಇಂಜಿನ್ ತಂದು ನಿಲ್ಲಿಸಿದ್ದರು. ಗಾಲಿ ಗಾಲಿಗೆ ನಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಹಾರ, ಡಬ್ಬಿಗಳ ತುಂಬ ಉಸುಕು. ನಮ್ಮ ಕಾರ್ಖಾನೆಯಲ್ಲಿ ಒಂದು ರೂಢಿ: ಕಾಯಿ ಒಡೆದ ಕೂಡಲೆ ಕೈಹಚ್ಚಿ ದುಡಿದವರೆಲ್ಲ ಇಂಜಿನ್ ಏರಬೇಕು, ಅದು ಒಂದು ಮಾರು ಮುಂದೆ ಹೋಗುವ ತನಕ ಇಳಿಯಬಾರದು. ಫಿಟ್ಟರು, ವೆಲ್ಡರು, ಬಣ್ಣದವರು ಎಲ್ಲರೂ ಏರಿದರು. ನಾನು ಕೆಳಗೆ ಕಾಟಾದ ಹತ್ತಿರ ನಿಂತಿದ್ದೆ.

ಕಾಟಾದ ಮುಂದೆ ಕೂತವನು ತೂಕದ ಕಲ್ಲು ಸರಿಸಿ ಓದಿದ: "ತೇಹತೀಸ್ ಟನ್."

ಮೂವತ್ತಮೂರು. ಎರಡು ಟನ್ನು ಹೆಚ್ಚು. ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಮೂರು ದಿನ ಬಾಯಿಗೆ ಬಾರದ ಮಾತು ಈಗ ತಡೆಯಲಾಗದೆ ಹೊರಬಿತ್ತು. "ಸಾಹೇಬ್ರ, ತಪ್ಪು ನಂದು. ಜೋಶಿ ಸಾಹೇಬ್ರದು ಏನೂ ಇಲ್ಲ. ಡಬ್ಬಿ ಬರದೆ, ಉಸುಕು ಬರದಿಲ್ಲ. ನಮ್ಮಪ್ಪ ಬಾರದಾನ ಮೊದಲು ಬರೀ ಅಂತ ಕಲಿಸಿದ್ರು" ಎಂದು ಎಲ್ಲರ ಎದುರು, ಸತ್ತುಹೋದ ತಂದೆಯನ್ನೂ ಎಳೆದು ತಂದು, ಒಪ್ಪಿಕೊಂಡುಬಿಟ್ಟೆ.

ಜೋಶಿ ಸಾಹೇಬರು ನನ್ನನ್ನು ನೋಡಲಿಲ್ಲ, ಮೇಲೆ ನೋಡಿದರು.

"ಮಾದಪ್ಪಾ, ಎಷ್ಟು ಮಂದಿ ಏರೀರಿ?"

"ಹದಿನೇಳು ಮಂದಿರಿ. ಭಟ್ಟರನ್ನ ಹಿಡದು."

"ಎಲ್ಲಾರೂ ಇಳೀರಿ. ರೂಢಿ ನಾಳೆ ನೋಡೋಣು."

ಹದಿನೇಳು ಜನ, ಅವರಲ್ಲಿ ಮೂವರು ನನ್ನ ಭಾವಮೈದುನನ ಮೈಕಟ್ಟಿನವರು, ಒಬ್ಬೊಬ್ಬರಾಗಿ ಇಳಿದರು. ಕಾಟಾದವನು ಮತ್ತೆ ಕಲ್ಲು ಸರಿಸಿದ. "ಬತ್ತೀಸ್. ಬರೋಬ್ಬರ್ ಬತ್ತೀಸ್."

ಮೂವತ್ತೆರಡು, ಇನ್ನೂ ಒಂದು ಟನ್ನು ಹೆಚ್ಚು. ಆದರೆ ಇನ್‌ಸ್ಪೆಕ್ಟರ್ ಬರೆದುಕೊಂಡು, "ಠೀಕ್ ಆಹೆ" ಎಂದು ಸಹಿ ಮಾಡಿ, ಪೇಢೆ ಬಾಯಿಗೆ ಹಾಕಿಕೊಂಡರು. ನನಗೆ ಅರ್ಥವಾಗಲಿಲ್ಲ. ಸಾಹೇಬರನ್ನು ಪಕ್ಕಕ್ಕೆ ಕರೆದು, "ಮೂವತ್ತೊಂದು ಅಂದಿದ್ರಲ್ರಿ" ಎಂದೆ.

"ಕರಾರಿನಾಗ ಮೂವತ್ತೆರಡು ಅದ. ನಿಮಗ ಹೇಳಿದ್ದು ಮೂವತ್ತೊಂದು."

"ಯಾಕ್ರಿ?"

"ಒಂದು ಟನ್ನು ನಿಮ್ಮ ಮರವಿಗೆ ಅಂತ ತಗದು ಇಟ್ಟಿದ್ದೆ. ಸಿಟ್ಟಾಗಬ್ಯಾಡ್ರಿ. ಕಬ್ಬಿನ ಗಾಡಿಗೂ ಇಡತಿದ್ದೆ, ಅದಕ್ಕ ಸ್ವಲ್ಪ" ಎಂದು ಅವರು ನನ್ನ ಬೆನ್ನು ತಟ್ಟಿ ಫೋಟೋ ತೆಗೆಸಿಕೊಳ್ಳಲು ಹೋದರು.

ನನಗಾದ ಸಂತೋಷಕ್ಕೆ ಪಾರವಿರಲಿಲ್ಲ. ಅವಮಾನವೂ ಆಗಿತ್ತು, ಆದರೆ ಪೇಢೆ ತಿನ್ನುವಾಗ ಅದು ಅಷ್ಟು ಕಾಣಲಿಲ್ಲ. ಮನೆಗೆ ಬಂದು ಗಿರಿಜಾಳಿಗೆ ಎಲ್ಲ ಹೇಳಿ, ನಾಲ್ಕು ದಿನದ ಹಸಿವೆಯೆಲ್ಲ ತೀರುವಂತೆ ಊಟಕ್ಕೆ ಕೂತೆ. ಎರಡನೆಯ ತುತ್ತು ಬಾಯಿಗೆ ಒಯ್ಯುವಾಗ ಕೈ ನಿಂತಿತು. ತಖ್ತೆಯಲ್ಲಿ ಮೂವತ್ತೊಂದಿತ್ತು, ಕಾಟಾದ ಮೇಲೆ ಮೂವತ್ತೆರಡು ಬಂತು. ಹೆಚ್ಚಾದದ್ದು ಒಂದು ಟನ್ನು. ಅದರಲ್ಲಿ ಉಸುಕು ನಾಲ್ಕುನೂರು ಕಿಲೋ. ಹಾಗಾದರೆ ಉಳಿದ ಆರುನೂರು ಕಿಲೋ ನಾನು ಏನನ್ನು ಮರೆತಿದ್ದೇನೆ?

ಆ ತಖ್ತೆಯನ್ನು ಆಮೇಲೆ ಎಷ್ಟು ಸಲ ತಿರುವಿ ಹಾಕಿದೆನೋ ಲೆಕ್ಕವಿಲ್ಲ, ಸಿಕ್ಕಿಲ್ಲ. ಸಾಹೇಬರು ಮೊಮ್ಮಗನನ್ನು ಕರೆದುಕೊಂಡು ಹಾಯಾಗಿ ಹೋಗಿ ಬಂದರು, ನನ್ನನ್ನೂ ಕರೆದರು. ಹಲ್ಲುನೋವೆಂದು ತಪ್ಪಿಸಿಕೊಂಡೆ. ಇಂಜಿನ್ ಚೆನ್ನಾಗಿಯೇ ಓಡುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಅದರೊಳಗೆ ಎಲ್ಲಿಯೋ ಆ ಆರುನೂರು ಕಿಲೋ ಕೂಡ ಓಡುತ್ತಿದೆ. ಅದು ಏನೆಂದು ತಿಳಿಯುವ ತನಕ ನಾನಂತೂ ಆ ಗಾಡಿ ಹತ್ತುವವನಲ್ಲ.