ಪಿ.ಟಿ. ಮಾಸ್ತರನ ಎದೆಹಾಲಿನ ಕವಾಯತು

ಬೆನ್ನು ಎಂದರೆ ನಾನು, ನಾನು ಎಂದರೆ ಬೆನ್ನು! ಗೊಬ್ಬೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷಗಳಿಂದ ಪಿ.ಟಿ. ಮಾಸ್ತರನಾಗಿರುವ ಈ ಶರಣಕುಮಾರನ ಕಣ್ಣಿಗೆ ಬಿದ್ದ ಯಾವ ಗೂನು ಬೆನ್ನೂ ಗೂನಾಗಿ ಉಳಿದದ್ದಿಲ್ಲ. ಬೆಂಚಿನ ಮೇಲೆ ಮುದುಡಿ ಕೂತ ಹುಡುಗರಿರಲಿ, ಬಸ್ಸಿಗೆ ಕಾಯುತ್ತ ಬಾಗಿ ನಿಂತ ಅಪರಿಚಿತರಿರಲಿ, "ನೆಟ್ಟಗ ನಿಂದ್ರು!" ಎಂದು ನಾನೊಮ್ಮೆ ಗುಡುಗಿದರೆ ಮುಗಿಯಿತು. ಹೀಗಿರುವಾಗ ಸ್ವಂತ ಹೆಂಡತಿ ಎದೆಹಾಲು ತೆಗೆಯಲು ಕುಕ್ಕರಿಸಿ ಕೂತು ಒದ್ದಾಡುವುದನ್ನು ನೋಡಿ ನಾನು ಸುಮ್ಮನಿರಲೇ?

ಮೈತ್ರಿ ಅಫಜಲಪುರದ ಕಾಲೇಜಿನಲ್ಲಿ ಉಪನ್ಯಾಸಕಿ. ಹೆರಿಗೆ ರಜೆ ಮುಗಿದು ಆ ಸೋಮವಾರ ಹಾಜರಾಗಲೇಬೇಕಿತ್ತು. ನಮ್ಮ ಚೌಡಾಪುರಕ್ಕೆ ಬಸ್ಸು ಬರುವುದು ಒಂಬತ್ತಕ್ಕೆ. ಐದು ತಿಂಗಳ ಮಗಳೋ, ಡಬ್ಬಿಯ ಹಾಲನ್ನು ಬಾಯಿಗಿಟ್ಟರೆ ನಮ್ಮ ಮುಖಕ್ಕೇ ಉಗುಳುತ್ತಿದ್ದಳು. ತಾಯಿ ಸಂಜೆ ಮನೆಗೆ ಬರುವವರೆಗೆ ಅವಳ ಹೊಟ್ಟೆಗೆ ಎರಡು ಸಣ್ಣ ಸೀಸೆ ತಾಯಿಹಾಲು ಬೇಕು. ನಾಲ್ಕು ದಿನ ಎದೆಹಾಲು ಎಳೆಯುವ ಕೈಪಂಪು ಒತ್ತಿ ಒತ್ತಿ ಮೈತ್ರಿಗೆ ಸಿಕ್ಕಿದ್ದು ಚಹಾ ಕಪ್ಪಿನ ತಳ ಮುಚ್ಚುವಷ್ಟು. ಹಾಲಿಲ್ಲದಿದ್ದರೆ ಕೂಸು ದಿನವಿಡೀ ಅಳುತ್ತದೆ ಎಂದು ಅವಳಿಗೆ ರಾತ್ರಿ ನಿದ್ದೆಯೂ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಘೋಷಿಸಿದೆ: "ಪಂಪಿಂದೇನೂ ತಪ್ಪಿಲ್ಲ, ನೀ ಕೂಡೂದು ತಪ್ಪೈತಿ. ಎರಡು ತಾಸು ನನ್ನ ಕೈಗಿ ಕೊಡು, ಎರಡೂ ಸೀಸೆ ತುಂಬಸ್ತೇನಿ!"

"ತುಂಬಸೋದು ನೀವೋ, ನಾನೋ?"

"ತಂಡ ಆಡ್ತದ, ಕೋಚ್ ಗೆಲ್ಲಸ್ತಾನ!"

ಅವಳನ್ನು ಒಳಕೋಣೆಯಲ್ಲಿ ಗಟ್ಟಿ ಮರದ ಕುರ್ಚಿಯ ಮೇಲೆ ಕೂರಿಸಿದೆ. ಮರ್ಯಾದೆಗೆ ಬಾಗಿಲಿನ ಪರದೆ ಇಳಿಬಿಟ್ಟು ಹೊರಗೆ ನಿಂತು ಆಜ್ಞೆ ಶುರುಮಾಡಿದೆ. "ಸಾವಧಾನ್! ಎದಿ ಮುಂದ! ಭುಜ ಹಿಂದ! ಹೊಟ್ಟಿ ಒಳಗ! ಈಗ ಒತ್ತು. ಒಂದ್, ಎರಡ್, ಒಂದ್, ಎರಡ್!"

ಹತ್ತು ನಿಮಿಷ ಕಳೆಯಿತು.

"ಎಷ್ಟ್ ಬಂತು?"

"ಬೆವರು ಬಂತ್ರಿ."

ಸರಿ, ವಿಧಾನ ಬದಲಿಸಿದೆ. ಪಾದ ಮುಟ್ಟುವ ಹುಡುಗರಂತೆ ಮುಂದಕ್ಕೆ ಬಾಗಲು ಹೇಳಿದೆ. ಕತ್ತು ಹಿಡಿಯಿತು, ಎದೆಗೊತ್ತಿದ ಪಂಪಿನ ಬಟ್ಟಲು ಜಾರಿತು, ಬಂದ ನಾಲ್ಕು ಹನಿಯೂ ಸೀರೆಯ ಪಾಲಾಯಿತು. ಹಾಗಾದರೆ ಹಿಂದಕ್ಕೆ ಒರಗು ಎಂದೆ. ಕುರ್ಚಿ ಬಿಟ್ಟಿಳಿದು ಲೋಡಿಗೆ ಒರಗಿ ಅಂಗಾತ ಮಲಗಿದಂತಾದಳು. ಈ ಸಲ ಹಾಲು ಬಂತು, ಆದರೆ ಸೀಸೆಗಿಳಿಯದೆ ಬಟ್ಟಲಿನಲ್ಲೇ ನಿಂತು ಕುಪ್ಪಸದೊಳಗೆ ಹರಿಯಿತು. ಎತ್ತು ಏರಿಗೆ, ಕೋಣ ನೀರಿಗೆ! ಗಡಿಯಾರ ಏಳೂ ಮುಕ್ಕಾಲು ತೋರಿಸುತ್ತಿತ್ತು.

ನನ್ನ ತಾಯಿ ಮಾಳಮ್ಮ ಕೂಸಿನ ತೊಟ್ಟಿಲು ತೂಗುತ್ತ ಗೊಣಗಿದಳು. "ಎಮ್ಮಿ ಹಿಂಡೋರೂ ಹಿಂಗ ಒದರೂದಿಲ್ಲೋ ಶರಣೂ!"

"ಅತ್ತಿ, ನನ್ನ ಎಮ್ಮಿ ಮಾಡಬ್ಯಾಡ್ರಿ!" ಎಂದು ಪರದೆಯಾಚೆಯಿಂದ ಅಳುದನಿ ಬಂತು.

ಆ ದನಿ ಕೇಳಿ ನನಗೂ ಒಳಗೊಳಗೇ ಹೆದರಿಕೆಯಾಯಿತು. ಹೆದರಿದ ಪಿ.ಟಿ. ಮಾಸ್ತರ ಏನು ಮಾಡುತ್ತಾನೆ? ಸೀಟಿ ಊದುತ್ತಾನೆ! ಒತ್ತುವ ಕೈಗೆ ತಾಳ ಬೇಕೆಂದು ಜೇಬಿನಿಂದ ಸೀಟಿ ತೆಗೆದು 'ಪೀ!' ಎಂದು ಊದಿಯೇಬಿಟ್ಟೆ. ಕೂಸು ಬೆಚ್ಚಿಬಿದ್ದು ಇಡೀ ಓಣಿಗೆ ಕೇಳುವಂತೆ ಕಿರುಚಿತು.

"ಏನ್ ಹೊಟ್ಟೀಲಿ ಹುಟ್ಟಿದ್ಯೋ ಮಾರಾಯಾ!" ಎಂದು ಅವ್ವ ನನ್ನನ್ನು ಹೆತ್ತ ಹೊಟ್ಟೆಯನ್ನೇ ಬೈದುಕೊಂಡಳು.

ಆದರೆ ಪವಾಡ! ಕೂಸಿನ ಅಳು ಕೇಳಿದ್ದೇ ತಡ, ಒಳಗಿನಿಂದ ಮೈತ್ರಿ ಕೂಗಿದಳು. "ರೀ, ಬರಾಕತ್ತೈತಿ! ಬರಾಕತ್ತೈತಿ!" ಅರ್ಧ ಸೀಸೆ ತುಂಬಿತು. ನಾನು ಎದೆಯುಬ್ಬಿಸಿ, "ನೋಡಿದ್ಯಾ ನನ್ನ ಸೀಟಿ!" ಎಂದದ್ದಷ್ಟೇ. ಸಿಟ್ಟಿಗೋ ಏನೋ, ಹಾಲು ತಟ್ಟನೆ ನಿಂತುಹೋಯಿತು. ಮೈತ್ರಿ ಪಂಪು ಬಿಚ್ಚಿಟ್ಟು, ಸೆರಗು ಹೊದ್ದು ಹೊರಬಂದು, ಅರ್ಧ ಸೀಸೆಯನ್ನು ಪಡಸಾಲೆಯ ಸ್ಟೂಲಿನ ಮೇಲಿಟ್ಟು ಕೂಸನ್ನು ಎತ್ತಿಕೊಂಡಳು. ಅವಳ ಕಣ್ಣುಗಳು ತುಂಬಿದ್ದವು. "ಇಷ್ಟರಾಗ ಒಂದ್ ಹೊತ್ತೂ ಆಗೂದಿಲ್ರಿ. ನಾ ಹ್ಯಾಂಗ ಹೋಗ್ಲಿ?"

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮದೀನಾಬಿ ಲಸಿಕೆಯ ಪುಸ್ತಕ ಹಿಡಿದು ಬಂದರು. ಸೀಟಿಯ ಸದ್ದು ಅವರ ಮನೆಯವರೆಗೂ ಹೋಗಿತ್ತಂತೆ. "ಏನ್ರಿ ಸರ, ಮನ್ಯಾಗೇ ಸಾಲಿ ಶುರು ಮಾಡೀರೇನು?"

ಇನ್ನೊಬ್ಬರ ಮುಂದೆ ಸೋಲೊಪ್ಪುವುದೇ? "ಮದೀನಾಬಿ, ಆಕಿಗಿ ಕೂಡಾಕ ಬರವಲ್ದು. ನಾ ತೋರಸ್ತೇನಿ ನೋಡ್ರಿ!" ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಪಂಪಿನ ಬದಲು ಸ್ಟೀಲಿನ ಲೋಟವನ್ನು ಎದೆಗೆ ಅಮುಕಿ ಹಿಡಿದೆ. ಬೆನ್ನು ಬಿಲ್ಲು, ಗದ್ದ ಆಕಾಶಕ್ಕೆ! ಮದೀನಾಬಿ ಸೆರಗು ಬಾಯಿಗೆ ಒತ್ತಿಕೊಂಡರು. ಅವ್ವನಂತೂ ಗೋಡೆಯ ಕಡೆ ತಿರುಗಿಬಿಟ್ಟಳು.

"ಇನ್ನ ಕಾಲು!" ಎಂದು ಕಾಲು ಚಾಚಿದೆ ನೋಡಿ, ಹೆಬ್ಬೆರಳು ಸ್ಟೂಲಿಗೆ ತಗುಲಿತು. ಸ್ಟೂಲು ವಾಲಿತು. ಸೀಸೆ ಜಾರಿತು.

"ರೀ, ಹಾಲು!" ಎಂದು ಮೈತ್ರಿ ಚೀರಿದಳು.

ನನ್ನ ಮಗಳ ಹೊಟ್ಟೆಯ ಅನ್ನ ಅದು! ಲೋಟ ಎಸೆದು ಕಬಡ್ಡಿಯ ಗೆರೆ ಮುಟ್ಟುವವನಂತೆ ಹಾರಿ, ನೆಲಕ್ಕೆ ಒಂದು ಗೇಣು ಉಳಿದಿದ್ದಾಗ ಸೀಸೆ ಹಿಡಿದೆ. ಒಂದು ಹನಿಯೂ ಚೆಲ್ಲಲಿಲ್ಲ! ಆದರೆ ಸೊಂಟದಲ್ಲಿ 'ಛಳಕ್' ಎಂದಿತು. ನೆಟ್ಟಗಾಗಲು ನೋಡಿದೆ, ಆಗಲಿಲ್ಲ. ಬಾಗಲು ನೋಡಿದೆ, ಅದೂ ಆಗಲಿಲ್ಲ.

"ನಡ ಹಿಡೀತು!" ಎಂದೆ. ಹಿಡಿದದ್ದು ಯಾರ ನಡ? ತಾಲ್ಲೂಕಿನ ಬೆನ್ನುಗಳಿಗೆಲ್ಲ ಬುದ್ಧಿ ಹೇಳಿದವನ ನಡ!

ಮದೀನಾಬಿ ನನ್ನ ಕೈಯಿಂದ ಮೊದಲು ಸೀಸೆ ತೆಗೆದುಕೊಂಡರು, ಆಮೇಲೆ ನನ್ನನ್ನು ನೋಡಿದರು. "ಸರ, ನೀವು ಗ್ವಾಡಿಗಿ ಒರಗಿ ಬಾಯಿ ಮುಚ್ಚಿ ಬೀಳ್ರಿ. ಬಾ ಬೇ ಮೈತ್ರಿ."

ಮೈತ್ರಿ ಕೂಸನ್ನು ತೊಟ್ಟಿಲಿಗೆ ಹಾಕಿ ಒಳಗೆ ಹೋದಳು. ಪರದೆಯಾಚೆ ಮದೀನಾಬಿ ಮೆಲ್ಲಗೆ ಹೇಳುತ್ತಿದ್ದರು. "ಕೌದಿ ಸುತ್ತಿ ನಡದ ಹಿಂದ ಇಟ್ಕೊ. ಕಾಲು ಆ ಕಟ್ಟಿಗಿ ಮಣಿ ಮ್ಯಾಲ ಇಡು, ಜೋತಾಡಬಾರದು. ಮೊಣಕೈ ಬುಡಕ ದಿಂಬು. ಪಂಪಿನ ಕಡಿ ನೀ ಬಾಗಬ್ಯಾಡ, ಪಂಪನ್ನೇ ನಿನ್ನ ಕಡಿ ತಗೋ. ಇಷ್ಟೇ ಇಷ್ಟು ಮುಂದ, ಹಾಂ. ಭುಜ ಬಿಡು. ಇನ್ನೂ ಬಿಡು. ಕೂಸಿನ ಅಂಗಿ ತೊಡಿ ಮ್ಯಾಲ ಇಟ್ಕೊ, ಆಕಿ ಮಾರಿ ನೆನಸ್ಕೊ. ಅವಸರ ಮಾಡಬ್ಯಾಡ."

ಗಡಿಯಾರದ ಮುಳ್ಳು ಎಂಟೂವರೆಯತ್ತ ಓಡುತ್ತಿತ್ತು. 'ಎಷ್ಟ್ ಬಂತು?' ಎಂದು ಕೇಳಲು ನಾಲಿಗೆ ತುರಿಸಿತು. ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ನನ್ನತ್ತ ಸೌಟು ಎತ್ತಿ ತೋರಿಸಿದಳು. ಆಗ ಒಳಗಿನಿಂದ ಸೀಸೆಗೆ ಹಾಲು ಬೀಳುವ ಸಣ್ಣ ಸದ್ದು ಕೇಳಿತು. ನಿಲ್ಲಲಿಲ್ಲ, ಬೀಳುತ್ತಲೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ನಡದ ನೋವಿಗೆ ಎಂದು ಎಲ್ಲರಿಗೂ ಹೇಳಿದ್ದೇನೆ, ಅದು ಸುಳ್ಳು.

ಎಂಟೂ ಐವತ್ತಕ್ಕೆ ಎರಡು ಸೀಸೆ ಫ್ರಿಜ್ಜು ಸೇರಿದವು. ಮೈತ್ರಿ ಚೀಲ ಹೆಗಲಿಗೇರಿಸಿ, ಕೂಸಿಗೆ ಮುತ್ತಿಟ್ಟು, ನನ್ನನ್ನು ದಾಟಿಕೊಂಡು ಓಡಿದಳು. ಬಸ್ ಸಿಕ್ಕಿತು.

ಕಷ್ಟ ಮುಗಿಯಿತೆಂದುಕೊಂಡಿರಾ? ಮಧ್ಯಾಹ್ನ ಕೂಸು ಎದ್ದು ಹಸಿವಿಗೆ ಅಳತೊಡಗಿತು. ಅವ್ವ ಬಿಸಿನೀರಿನ ಬಟ್ಟಲಲ್ಲಿ ಸೀಸೆಯಿಟ್ಟು ಬೆಚ್ಚಗೆ ಮಾಡಿ ತಂದು ಕುಡಿಸಲು ನೋಡಿದಳು. ಮಗಳು ಮುಖ ತಿರುಗಿಸಿದಳು. ಅವ್ವ ಎದ್ದು ತಿರುಗಾಡಿದಳು, ತೂಗಿದಳು, ಚಪ್ಪಾಳೆ ತಟ್ಟಿದಳು. ಇಲ್ಲ! ಅತ್ತು ಅತ್ತು ಕೂಸಿನ ದನಿ ಬಿದ್ದುಹೋಯಿತು. ಅಷ್ಟು ಒದ್ದಾಡಿ ತೆಗೆದ ಹಾಲು ಸೀಸೆಯಲ್ಲೇ ಉಳಿಯುತ್ತದೆಯೇ?

ನಡದ ನೋವಿಗೆ ಶಾಲೆಗೆ ರಜೆ ಹಾಕಿ ಗೋಡೆಗೆ ಒರಗಿದ್ದ ನಾನು, "ಇಲ್ಲಿ ಕೊಡವ್ವ," ಎಂದೆ. ಹಲ್ಲು ಕಚ್ಚಿ ಬೆನ್ನು ನೆಟ್ಟಗೆ ಮಾಡಿ ಕೂತು ಸೀಸೆ ಕೊಟ್ಟೆ. ಕೂಸು ಕೈಕಾಲು ಬಡಿದು ಇನ್ನೂ ಜೋರಾಗಿ ಕಿರುಚಿತು. ನಡ ಮತ್ತೆ ಛಳಕ್ ಎಂದಿತು. ಇನ್ನು ನನ್ನಿಂದ ಆಗದು ಎಂದು ಗೋಡೆಗುಂಟ ಜಾರಿದೆ. ಭುಜ ಬಿತ್ತು, ಎದೆ ಬಿತ್ತು, ಗರ್ವವೂ ಬಿತ್ತು. ಜಾರಿದ ನನ್ನ ಎದೆಯ ಮೇಲೆ ಕೂಸು ಮೆತ್ತಗೆ ಒರಗಿತು. ಒಮ್ಮೆ ಬಿಕ್ಕಿತು. ಆಮೇಲೆ ಸೀಸೆಗೆ ಬಾಯಿ ಹಾಕಿ ಗಟಗಟ ಕುಡಿಯತೊಡಗಿತು!

ಸೀಸೆ ಖಾಲಿಯಾಗುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು.

"ಕುಡದ್ಳೇನ್ರಿ?" ಅದೇ ಮೈತ್ರಿಯ ಮೊದಲ ಮಾತು.

"ಪೂರಾ ಖಾಲಿ! ನನ್ನ ಕೈಲೇ!"

ಅತ್ತ ಕಡೆ ದೊಡ್ಡದೊಂದು ಉಸಿರು ಕೇಳಿತು. "ಹ್ಯಾಂಗ ಕುಂತಿದ್ರಿ?"

"ಎಲ್ಲಿ ಕುಂತಿದ್ದೆ? ಮೈಯೆಲ್ಲ ಸಡಲ್ ಬಿಟ್ಟು ಗ್ವಾಡಿಗಿ ಬಿದ್ದಿದ್ದೆ."

"ಅಷ್ಟೇ ನೋಡ್ರಿ ಅದು! ಮೈ ಸಡಲ್ ಬಿಡೂದನ್ನ ನಿಮ್ಮ ಮಗಳು ಹುಟ್ಟಿದ ದಿನಾನೇ ಕಲತಿದ್ದಳು. ನಿಮಗ ಕಲಸಾಕ ನಡ ಮುರೀಬೇಕಾತು!"